ಅಗಸರ ಚೆನ್ನಪ್ಪನ ಹೆಸರು ಎಲ್ಲಿ ಹೋಯಿತು?

ಯೆರವಡಾ, ಪುಣೆ

ಸಂಗೀತ ಕಾರ್ಯಕ್ರಮಗಳಲ್ಲಿ ನಿರೂಪಣೆ ಮಾಡುವ, ಸ್ಮರಣ ಸಂಚಿಕೆಗಳಿಗೆ ಲೇಖನ ಬರೆಯುವ, ಗಾಯಕರ ಕಥೆಗಳನ್ನು ವಿಡಿಯೋ ಮಾಡಿ ಹಂಚುವ ನನ್ನ ಕಿರಿಯ ಕನ್ನಡ ಬಂಧುಗಳೇ,



ಹೋದ ಚಳಿಗಾಲದಲ್ಲಿ ಇದೇ ಊರಿನ ಒಂದು ಸಭಾಂಗಣದಲ್ಲಿ ದಾಸವಾಣಿ ಕಾರ್ಯಕ್ರಮ ಇತ್ತು. ನಿಮ್ಮಲ್ಲೊಬ್ಬರು ನಿರೂಪಣೆಗೆ ನಿಂತಿದ್ದರು. ಒಳ್ಳೆಯ ದನಿ, ಶುದ್ಧವಾದ ಕನ್ನಡ. ಪಂಡಿತ ಭೀಮಸೇನ ಜೋಶಿಯವರ ಬಾಲ್ಯದ ಕಥೆ ಹೇಳಿದರು. ಗದುಗಿನ ಹೋಟೆಲಿನ ಮುಂದೆ ನಿಂತು ಹುಡುಗ ಅಬ್ದುಲ್ ಕರೀಂ ಖಾನ್‌ಸಾಹೇಬರ ಗ್ರಾಮೊಫೋನ್ ಪ್ಲೇಟು ಕೇಳಿದ್ದು, ಅನ್ನದ ಮೇಲೆ ಇನ್ನೊಂದು ಚಮಚೆ ತುಪ್ಪ ಸಿಗಲಿಲ್ಲವೆಂದು ತಾಯಿಯ ಮೇಲೆ ಸಿಟ್ಟಾಗಿ ಮನೆ ಬಿಟ್ಟಿದ್ದು, ಟಿಕೆಟ್ಟಿಲ್ಲದೆ ರೈಲು ಹತ್ತಿ ಹಾಡುತ್ತ ಗ್ವಾಲಿಯರ್ ಮುಟ್ಟಿದ್ದು. ಸಭೆ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ನನ್ನ ಪಕ್ಕದಲ್ಲಿ ಧೋತರ ಉಟ್ಟು, ಕೊರಳಿಗೆ ಮಫ್ಲರ್ ಸುತ್ತಿಕೊಂಡ ಒಬ್ಬ ಹಿರಿಯರು ಕೂತಿದ್ದರು. ಗದಗಿನ ಕಡೆಯವರು, ಮಗನ ಮನೆಗೆ ಬಂದವರು. ಅವರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು: "ಎಲ್ಲಾ ಹೇಳಿದ್ರು ನೋಡ್ರಿ. ಚೆನ್ನಪ್ಪನ ಹೆಸರ ಯಾಕ ಹೇಳಲಿಲ್ಲ?"

ಅವರು ಕೇಳಿದ್ದು ಕುರ್ತಕೋಟಿಯ ಅಗಸರ ಚೆನ್ನಪ್ಪನ ಬಗ್ಗೆ. ಭೀಮಸೇನರು ಊರು ಬಿಟ್ಟು ಹೋಗುವುದಕ್ಕೆ ಮುಂಚೆ ಅವರಿಗೆ ಸ್ವರದ ದಾರಿ ತೋರಿಸಿದ ಮೊದಲ ಗುರು. ಭೈರವ, ಭೀಮಪಲಾಸ ಎರಡು ರಾಗಗಳನ್ನು ಹುಡುಗ ಅವರಲ್ಲೇ ಕಲಿತ. ಆಮೇಲೆ ಬಾಗಲಕೋಟೆಯ ಶ್ಯಾಮಾಚಾರ್ಯ ಜೋಶಿಯವರಲ್ಲಿ ಪಾಠವಾಯಿತು. ಅಂದರೆ ಆ ಹುಡುಗ ರೈಲು ಹತ್ತಿದಾಗ ಅವನ ಕೊರಳಲ್ಲಿ ಎರಡು ರಾಗಗಳು ಆಗಲೇ ಕೂತಿದ್ದವು. ಡಬ್ಬಿಯಲ್ಲಿ ಹಾಡಿ ಹೊಟ್ಟೆ ಹೊರೆದುಕೊಂಡ ಎನ್ನುತ್ತೇವಲ್ಲ, ಹಾಡಲು ಏನೋ ಒಂದು ಇದ್ದಿದ್ದಕ್ಕೆ ತಾನೆ ಹಾಡಿದ್ದು? ಆ "ಏನೋ ಒಂದು" ಕುರ್ತಕೋಟಿಯಿಂದ ಬಂದದ್ದು. ನಾವು ಹೇಳುವ ಕಥೆಯಲ್ಲಿ ಹೋಟೆಲಿಗೆ ಜಾಗ ಇದೆ, ತುಪ್ಪದ ಚಮಚೆಗೆ ಜಾಗ ಇದೆ, ರೈಲಿನ ಗಾರ್ಡಿಗೂ ಜಾಗ ಇದೆ. ಚೆನ್ನಪ್ಪನಿಗೆ ಇಲ್ಲ.

ಆ ಹಿರಿಯರ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಅದಕ್ಕೇ ಈ ಪತ್ರ.

ನಾನು ಕುಂದಗೋಳದ ಹತ್ತಿರದ ಹಳ್ಳಿಯವನು. ನೌಕರಿಗೆಂದು ಪುಣೆಗೆ ಬಂದು ನಾಲ್ಕು ದಶಕ ದಾಟಿತು. ಮುಳಾ-ಮುಠಾ ನದಿಯ ಈಚೆ, ಯೆರವಡಾದಲ್ಲಿ ಮನೆ. ಹಾಡುವವನಲ್ಲ, ಬರೀ ಕೇಳುಗ. ಖಾನ್‌ಸಾಹೇಬರ ಕಿರಾಣಾ ಘರಾನೆಯ ಕಥೆಗಳನ್ನು ತಾಯಿಯ ಜೋಗುಳದಷ್ಟೇ ಸಹಜವಾಗಿ ಕೇಳುತ್ತ ಬೆಳೆದೆ. ನಮ್ಮ ಮಾವ ರಾತ್ರಿ ಊಟವಾದ ಮೇಲೆ ಎಲೆ-ಅಡಿಕೆ ತಟ್ಟೆ ಮುಂದಿಟ್ಟುಕೊಂಡು ಶುರು ಮಾಡಿದರೆ, ಭೀಮಸೇನರ ಗುರು ಸವಾಯಿ ಗಂಧರ್ವರು ಪಕ್ಕದ ಓಣಿಯಲ್ಲೇ ಇದ್ದಾರೆ ಅನ್ನಿಸುತ್ತಿತ್ತು. ಆ ಕಥೆಗಳ ಮೇಲೆ ನನಗೆ ಮುನಿಸಿಲ್ಲ. ಅವುಗಳನ್ನು ಬಿಟ್ಟುಬಿಡಿ ಎಂದು ಹೇಳುವುದಕ್ಕೂ ಈ ಪತ್ರ ಬರೆಯುತ್ತಿಲ್ಲ. ಆದರೆ ನೀವು ಒಂದು ಮಾತು ಗಮನಿಸಬೇಕು. ದಂತಕಥೆ ಗಾಯಕನನ್ನು ದೊಡ್ಡವನನ್ನಾಗಿ ಮಾಡುತ್ತದೆ ಎಂದು ನಾವು ತಿಳಿದಿದ್ದೇವೆ. ಅದು ಮಾಡುವ ಇನ್ನೊಂದು ಕೆಲಸ ನಮ್ಮ ಕಣ್ಣಿಗೆ ಬೀಳುವುದಿಲ್ಲ: ಅವನ ಸುತ್ತ ಇದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಮನೆಯಿಂದ ಹೊರಗೆ ಹಾಕುತ್ತದೆ. ಮೊದಲ ಗುರು ಹೋಗುತ್ತಾನೆ, ಹೆಂಡತಿ ಹೋಗುತ್ತಾಳೆ, ಔಷಧ ಕೊಟ್ಟ ಡಾಕ್ಟರು ಹೋಗುತ್ತಾರೆ, ಜಾಗ ಕೊಟ್ಟ ಮನೆತನ ಹೋಗುತ್ತದೆ. ಕೊನೆಗೆ ಒಬ್ಬ ಗಾಯಕ, ಒಂದು ಪವಾಡ, ಎರಡೇ ಉಳಿಯುತ್ತವೆ.

ಭೀಮಸೇನರ ಕಥೆಯನ್ನೇ ಇನ್ನಷ್ಟು ನೋಡೋಣ. ಅವರು ಹುಟ್ಟಿದ್ದು 1922ರ ಫೆಬ್ರುವರಿ 4ರಂದು, ರೋಣದಲ್ಲಿ. ಬೆಳೆದದ್ದು ಗದುಗಿನಲ್ಲಿ. ನಮ್ಮ ಎಷ್ಟೋ ಕರಪತ್ರಗಳಲ್ಲಿ ರೋಣದ ಹೆಸರೇ ಇರುವುದಿಲ್ಲ. ಮನೆ ಬಿಟ್ಟಿದ್ದು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ ಎನ್ನುತ್ತಾರೆ. ಕಾರಣ ಖಾನ್‌ಸಾಹೇಬರ ಝಿಂಝೋಟಿ ಠುಮರಿಯ ಪ್ಲೇಟು ಎನ್ನುತ್ತಾರೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಈಗ ಆ ಪ್ಲೇಟಿನ ಕಡೆಗೊಮ್ಮೆ ತಿರುಗಿ. ಖಾನ್‌ಸಾಹೇಬರು 1905ರ ಹೊತ್ತಿಗೆ ಗ್ರಾಮೊಫೋನ್ ಕಂಪನಿಗೆ ಕೆಲವು ಚಿಕ್ಕ ಚಿಕ್ಕ ಮುದ್ರಣ ಕೊಟ್ಟಿದ್ದರು. ಆಮೇಲೆ ದೊಡ್ಡ ಅಂತರ. ಅವರ ಹೆಸರನ್ನು ಹೋಟೆಲು ಹೋಟೆಲಿಗೆ ಮುಟ್ಟಿಸಿದ ಓಡಿಯನ್ ಕಂಪನಿಯ ಮುದ್ರಣಗಳು 1934ರಿಂದ ಈಚಿನವು. ನಾವು ಇವತ್ತಿಗೂ ಕೇಳುವ ಆ ಝಿಂಝೋಟಿ ಈ ಓಡಿಯನ್ ಗುಂಪಿನದು. 1934ರಿಂದೀಚೆಗೆ ಹಾಡಿದ್ದನ್ನು 1933ರಲ್ಲಿ ಕೇಳಿ ಮನೆ ಬಿಡುವುದು ಹೇಗೆ?

ಇದರಿಂದ ಭೀಮಸೇನರು ಸುಳ್ಳು ಹೇಳಿದರು ಎಂದಾಗಲಿಲ್ಲ. ದಯವಿಟ್ಟು ಹಾಗೆ ಯಾರೂ ಬರೆಯಬೇಡಿ. ಮುಪ್ಪಿನಲ್ಲಿ ಬಾಲ್ಯ ನೆನೆಯುವವರು ಎರಡು ವರುಷ ಹಿಂದೆ ಮುಂದೆ ಮಾಡುವುದು ಸಹಜ. ಇಲ್ಲವೇ ಮನೆ ಬಿಡುವ ಮೊದಲು ಕೇಳಿದ ಒಂದು ದನಿ, ತಿರುಗಿ ಬಂದ ಮೇಲೆ ಕೇಳಿದ ಇನ್ನೊಂದು ಪ್ಲೇಟು ನೆನಪಿನಲ್ಲಿ ಒಂದಾಗಿರಬಹುದು. ತುಪ್ಪದ ಜಗಳವೂ ಪ್ಲೇಟಿನ ಮೋಹವೂ ಎರಡೂ ನಿಜವೇ ಇರಬಹುದು. ಮನೆ ಬಿಡುವ ಮಕ್ಕಳಿಗೆ ಒಂದೇ ಕಾರಣ ಇರುವುದು ಅಪರೂಪ. ನೀವು ವೇದಿಕೆಯ ಮೇಲೆ ಈ ಲೆಕ್ಕವನ್ನೆಲ್ಲ ಬಿಚ್ಚಿಡಬೇಕಾಗಿಲ್ಲ. "ಹನ್ನೊಂದರ ಹೊತ್ತಿಗೆ ಮನೆ ಬಿಟ್ಟರು, ಖಾನ್‌ಸಾಹೇಬರ ಹಾಡೇ ಎಳೆದೊಯ್ಯಿತು ಎಂದು ಅವರು ನೆನೆಯುತ್ತಿದ್ದರು" ಎಂದರೆ ಸಾಕು. "ನೆನೆಯುತ್ತಿದ್ದರು" ಎಂಬ ಒಂದು ಮಾತಿನಲ್ಲಿ ಸತ್ಯವೂ ಉಳಿಯಿತು, ಸೊಗಸೂ ಉಳಿಯಿತು.

ಇನ್ನು ಅಂಗಿಯ ಕಥೆ. ಭಜನೆಯ ಹಿಂದೆ, ಬ್ಯಾಂಡಿನ ಹಿಂದೆ ಹೋಗಿ ಎಲ್ಲೋ ಮಲಗಿಬಿಡುತ್ತಿದ್ದ ಮಗನ ಅಂಗಿಯ ಮೇಲೆ ತಂದೆ ಗುರುರಾಜ ಜೋಶಿಯವರು "ಜೋಶಿ ಮಾಸ್ತರರ ಮಗ" ಎಂದು ಬರೆಸಿದ್ದರಂತೆ. ಇದನ್ನು ಹೇಳಿ, ಸಂತೋಷದಿಂದ ಹೇಳಿ. ಮನೆಯ ಒಳಗಿನಿಂದ ಬಂದ ಕಥೆ ಅದು. ಅದರ ಜತೆಗೆ ಆ ತಂದೆ ಯಾರು ಎಂಬುದನ್ನೂ ಹೇಳಿ. ಗುರುರಾಜರು ಶಾಲಾ ಮಾಸ್ತರರು, ನಿಘಂಟು ರಚಿಸಿದ ವಿದ್ವಾಂಸರು, ಹದಿನಾರು ಮಕ್ಕಳ ತಂದೆ. ಓಡಿಹೋದ ಹಿರಿಯ ಮಗನನ್ನು ಹುಡುಕಿಕೊಂಡು ಜಾಲಂಧರದವರೆಗೆ ಹೋದ ಮನುಷ್ಯ. ಮಾಸ್ತರಿಕೆಯ ಸಂಬಳದಲ್ಲಿ ಗದುಗಿನಿಂದ ಜಾಲಂಧರಕ್ಕೆ! ಮಗ ಓಡಿದ ದಾರಿಯನ್ನು ನಾವು ಹಾಡಿ ಹೊಗಳುತ್ತೇವೆ. ಅಪ್ಪ ಹಿಂದೆ ಹುಡುಕುತ್ತ ನಡೆದ ದಾರಿಯನ್ನು ಯಾರೂ ಹೇಳಿದ್ದು ನಾನು ಕೇಳಿಲ್ಲ.

ಜಾಲಂಧರದಲ್ಲಿ ಇನ್ನೊಬ್ಬರು ಬರುತ್ತಾರೆ: ಪುಣೆಯ ವಿನಾಯಕರಾವ್ ಪಟವರ್ಧನರು. "ಇಷ್ಟು ದೂರ ಯಾಕೆ ಅಲೆಯುತ್ತೀ, ನಿಮ್ಮ ಕಡೆಯೇ ಸವಾಯಿ ಗಂಧರ್ವರಿದ್ದಾರಲ್ಲ" ಎಂಬ ಅರ್ಥದ ಮಾತು ಹೇಳಿ ಹುಡುಗನನ್ನು ಊರ ಕಡೆ ತಿರುಗಿಸಿದವರು ಅವರು. ಪಟವರ್ಧನರು ಗ್ವಾಲಿಯರ್ ಘರಾನೆಯವರು, ಸ್ವತಃ ದೊಡ್ಡ ಗುರುಗಳು. ಬಂದ ಹುಡುಗನನ್ನು ತಮ್ಮ ಹಿಂದೆ ಕಟ್ಟಿಕೊಳ್ಳದೆ ಬೇರೆ ಘರಾನೆಯ ಗುರುವಿನ ಹೆಸರು ಹೇಳಿದರು. ನನ್ನನ್ನು ಕೇಳಿದರೆ ಇಡೀ ಕಥೆಯಲ್ಲಿ ಪವಾಡ ಎಂದು ಕರೆಯಬಹುದಾದದ್ದು ಇದೊಂದೇ.

ಕುಂದಗೋಳಕ್ಕೆ ಬರೋಣ. ಅದು ನನ್ನ ಮಣ್ಣು, ಸ್ವಲ್ಪ ಹೊತ್ತು ನಿಲ್ಲಲು ಅಪ್ಪಣೆ ಕೊಡಿ. ರಾಮಭಾವು ಕುಂದಗೋಳಕರ, ಅಂದರೆ ಸವಾಯಿ ಗಂಧರ್ವರು, ಹುಟ್ಟಿದ್ದು 1886ರ ಜನವರಿ 19ರಂದು. "ಸವಾಯಿ" ಎಂದರೆ ಒಂದೂಕಾಲು. ಬಾಲ ಗಂಧರ್ವರು ಮರಾಠಿ ರಂಗಭೂಮಿಯನ್ನು ಆಳುತ್ತಿದ್ದ ಕಾಲದಲ್ಲಿ, ಅದೇ ರಂಗದ ಮೇಲೆ ಹಾಡಿದ ಕನ್ನಡದ ಗಾಯಕನಿಗೆ ಸಂದ ಬಿರುದು. ಆ ಬಿರುದು ಕೊಟ್ಟವರು ಇಂಥವರು ಎಂದು ಮೂರು ಸಂಚಿಕೆಗಳಲ್ಲಿ ಮೂರು ಹೆಸರು ಓದಿದ್ದೇನೆ. ಅಂಥ ಕಡೆ ಹೆಸರು ಬಿಟ್ಟು ಬಿರುದಿನ ಅರ್ಥವನ್ನಷ್ಟೇ ಹೇಳುವುದು ಮರ್ಯಾದೆ. ಕುಂದಗೋಳದ ನಾಡಿಗೇರ ವಾಡೆಯನ್ನು ಮಾತ್ರ ಬಿಡಬೇಡಿ. ರಾಮಭಾವು ಅವರ ತಂದೆ ಆ ವಾಡೆಯ ಚಾಕರಿಯಲ್ಲಿದ್ದವರು. ಮೈಸೂರು ದರ್ಬಾರಿಗೆ ಹೋಗಿಬರುವ ಖಾನ್‌ಸಾಹೇಬರು ನಮ್ಮ ಸೀಮೆಯಲ್ಲಿ ತಂಗುತ್ತಿದ್ದುದು ಇಂಥ ಸಂಗೀತ ಬಲ್ಲ ಮನೆತನಗಳು ಇದ್ದುದರಿಂದ. ಗುರು ಬಂದು ಶಿಷ್ಯನನ್ನು ಕಂಡುಕೊಂಡ ಎಂದರೆ ಆಕಾಶದಿಂದ ಇಳಿದು ಬಂದಂತೆ ಕೇಳುತ್ತದೆ. ಯಾರದೋ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು, ಯಾರೋ ಬಿಸಿಯೂಟ ಬಡಿಸಿದ್ದರು.

ಆ ಕುಂದಗೋಳಕ್ಕೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿತವರು ಗಂಗೂಬಾಯಿ ಹಾನಗಲ್ಲರು. ಸುಮಾರು ಇಪ್ಪತ್ತು ಕಿಲೋಮೀಟರ್ ದಾರಿ. ಪಾಠ ಮುಗಿಯುವ ಹೊತ್ತಿಗೆ ಕತ್ತಲಾದರೆ, ಗುರುಗಳ ಮನೆಯಲ್ಲೇ ಇದ್ದ ಹುಡುಗ ಭೀಮಸೇನ ಕಂದೀಲು ಹಿಡಿದು ಅವರನ್ನು ಸ್ಟೇಷನ್ನಿನವರೆಗೆ ಬಿಟ್ಟುಬರುತ್ತಿದ್ದ. ಇದನ್ನು ಹೇಳಿದವರು ಸ್ವತಃ ಗಂಗೂಬಾಯಿ. ನಾನು ಆ ಸ್ಟೇಷನ್ನಿಗೆ ಎಷ್ಟೋ ಸಲ ನಡೆದು ಹೋದವನು. ಮಳೆಗಾಲದಲ್ಲಿ ಕಪ್ಪು ಎರೆಮಣ್ಣು ಚಪ್ಪಲಿಗೆ ಅಂಟಿ ಒಂದೊಂದು ಹೆಜ್ಜೆ ಒಂದೊಂದು ಸೇರು ತೂಗುವ ದಾರಿ ಅದು. ಅಲ್ಲಿ ಮುಂದೆ ಒಂದು ಕಂದೀಲು, ಹಿಂದೆ ಸೆರಗು ಹೊದ್ದ ಹೆಣ್ಣುಮಗಳು, ಪ್ಲಾಟ್‌ಫಾರ್ಮಿನಲ್ಲಿ ರೈಲು ಬರುವತನಕ ಆ ದಿನದ ಪಲ್ಟಾ. ಇಲ್ಲಿ ಪವಾಡ ಇಲ್ಲ, ಕಣ್ಣಾರೆ ಕಂಡವರ ಸಾಕ್ಷಿ ಇದೆ. ಇದಕ್ಕಿಂತ ಚಂದದ ಕಥೆ ಯಾವ ದಂತಕಥೆಯಲ್ಲಿದೆ ಹೇಳಿ? ಆದರೂ ನಿರೂಪಣೆಯಲ್ಲಿ ನಾನು ಇದನ್ನು ಕೇಳಿದ್ದು ಎರಡೇ ಸಲ.

ಗಂಗೂಬಾಯಿಯವರ ದನಿಯ ಬಗ್ಗೆಯೂ ಹೀಗೆಯೇ. ಗಂಡುದನಿಯಂಥ ಆ ಗಂಭೀರ ಕಂಠವನ್ನು ಅವರು ಘೋರ ತಪಸ್ಸಿನಿಂದ ಗಳಿಸಿದರು ಎಂದು ಬರೆಯುತ್ತಾರೆ. ತಪಸ್ಸು ಮಾಡಿದ್ದು ನಿಜ. ಆದರೆ ಕಂಠ ಬದಲಾದದ್ದು ಗಂಟಲಿನ ಟಾನ್ಸಿಲ್ ತೊಂದರೆಗೆ ಚಿಕಿತ್ಸೆಯಾದ ಮೇಲೆ. ಅವರೇ ಹೇಳಿಕೊಂಡ ಸಂಗತಿ ಇದು. ಮೂವತ್ತರ ದಶಕದಲ್ಲಿ "ಗಾಂಧಾರಿ" ಎಂಬ ಹೆಸರಿನಲ್ಲಿ ಬಂದ ಅವರ ಎಚ್‌ಎಂವಿ ಪ್ಲೇಟುಗಳನ್ನು ಕೇಳಿ ನೋಡಿ. ತೆಳುವಾದ, ಮೇಲಿನ ಸುತಿಯ ಹುಡುಗಿಯ ದನಿ. ಒಬ್ಬ ಯುವತಿಯ ದನಿ ಹಠಾತ್ತನೆ ಹೊಯ್ದಾಡಿತು, ಇನ್ನು ಹಾಡುವುದು ಮುಗಿಯಿತೇನೋ ಎಂಬ ಗಾಬರಿಯ ನಡುವೆ ಆಕೆ ಬಂದ ದನಿಯನ್ನೇ ಒಪ್ಪಿಕೊಂಡು, ಅದಕ್ಕೆ ತಕ್ಕ ಹಾಗೆ ತನ್ನ ಗಾಯನವನ್ನು ಕಟ್ಟಿಕೊಂಡಳು. ತಪಸ್ಸಿನ ವರವಾಗಿ ದನಿ ಸಿಕ್ಕಿತು ಎಂದುಬಿಟ್ಟರೆ ಆ ಗಾಬರಿಯೂ ಇಲ್ಲ, ಆ ಧೈರ್ಯವೂ ಇಲ್ಲ. ಅವರ ತಾಯಿ ಅಂಬಾಬಾಯಿಯವರನ್ನೂ ಬಿಡಬೇಡಿ. ಕರ್ನಾಟಕ ಸಂಗೀತದಲ್ಲಿ ನುರಿತ ಹಾಡುಗಾರ್ತಿ. ಖಾನ್‌ಸಾಹೇಬರಂಥವರು ಮನೆಗೆ ಬಂದು ಕೇಳಿ ಮೆಚ್ಚಿದ ಕಂಠ. ಮಗಳ ಹಿಂದೂಸ್ತಾನಿ ಕಲಿಕೆಗೆ ಅಡ್ಡಿಯಾಗಬಾರದೆಂದು ತಾವು ಹಾಡುವುದನ್ನೇ ನಿಲ್ಲಿಸಿ, 1932ರಲ್ಲಿ ತೀರಿಕೊಂಡರು. ಕಿನ್ನರಿ ವಾದಕ ಕೃಷ್ಣಾಚಾರ್ಯ ಹುಲಗೂರರು, ದತ್ತೋಪಂತ ದೇಸಾಯಿಯವರು ಸವಾಯಿ ಗಂಧರ್ವರಿಗಿಂತ ಮುಂಚಿನ ಗುರುಗಳು. ಈ ಹೆಸರುಗಳನ್ನು ಸೇರಿಸಿದರೆ ನಿಮ್ಮ ನಿರೂಪಣೆ ಅರ್ಧ ನಿಮಿಷ ಉದ್ದವಾಗುತ್ತದೆ, ಅಷ್ಟೆ.

ಅಬ್ದುಲ್ ಕರೀಂ ಖಾನ್‌ಸಾಹೇಬರ ಮರಣದ ಕಥೆಯನ್ನು ನೀವೆಲ್ಲ ಹೇಳುತ್ತೀರಿ. ನಿಜ ಎಷ್ಟು ಗಟ್ಟಿಯಾಗಿದೆ ನೋಡಿ: 1937ರ ಅಕ್ಟೋಬರ್ 27, ಮದ್ರಾಸಿನಿಂದ ಪಾಂಡಿಚೇರಿಗೆ ಹೋಗುವ ದಾರಿ, ಚೆಂಗಲ್ಪಟ್ಟಿನ ಹತ್ತಿರದ ಸಿಂಗಪೆರುಮಾಳ್ ಕೋಯಿಲ್ ರೈಲ್ವೆ ನಿಲ್ದಾಣ. ಎದೆನೋವು ಬಂದು ಇಳಿದರು, ಅಲ್ಲೇ ಪ್ರಾಣ ಹೋಯಿತು. ಮಣ್ಣಾದದ್ದು ಮಿರಜದ ಮೀರಾಸಾಹೇಬ ದರ್ಗಾದ ಆವರಣದಲ್ಲಿ. ಪ್ಲಾಟ್‌ಫಾರ್ಮಿನ ಮೇಲೆ ಹಾಸಿಗೆ ಹಾಸಿಸಿ, ತಂಬೂರಿ ಸುತಿ ಮಾಡಿಸಿ, ದರ್ಬಾರಿಯಲ್ಲಿ ಪ್ರಾರ್ಥನೆ ಹಾಡುತ್ತ ಕಣ್ಣು ಮುಚ್ಚಿದರು ಎಂಬುದು ಶಿಷ್ಯರ ಬಾಯಿಂದ ಬಾಯಿಗೆ ಬಂದ ಮಾತು. ಮಾವ ಇದನ್ನು ಹೇಳುವಾಗ ಅವರ ದನಿ ನಡುಗುತ್ತಿತ್ತು, ನನಗೂ ಈಗ ಬರೆಯುವಾಗ ಮೈ ಜುಮ್ಮೆನ್ನುತ್ತದೆ. ಹೇಳಿ. "ಶಿಷ್ಯರು ಹೀಗೆ ಹೇಳುತ್ತಾರೆ" ಎಂದು ಹೇಳಿ. ಆದರೆ ಅದೇ ಖಾನ್‌ಸಾಹೇಬರ ಮನೆಯ ಮಕ್ಕಳು ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೇಕರ, ಸರಸ್ವತಿ ರಾಣೆ ಎಂಬ ಹೆಸರಿನಿಂದ ಯಾಕೆ ಹಾಡಿದರು, 1922ರಲ್ಲಿ ಗಂಡನ ಮನೆ ಬಿಟ್ಟು ಮಕ್ಕಳನ್ನು ಕಟ್ಟಿಕೊಂಡು ಹೊರಟ ಅವರ ತಾಯಿ ತಾರಾಬಾಯಿ ಯಾರು ಎಂಬುದು ಬಂದಾಗ ಗಂಟಲು ಸರಿಮಾಡಿಕೊಂಡು ಮುಂದಿನ ಹಾಡಿಗೆ ಹೋಗಬೇಡಿ. ಅದೂ ಕಿರಾಣೆಯ ಚರಿತ್ರೆಯೇ. ಪುಣೆಯ ಕೇಳುಗರಿಗೆ ಹೀರಾಬಾಯಿ ತಮ್ಮ ಮನೆಯವರೇ ಆಗಿಬಿಟ್ಟಿದ್ದರು, ತಾರಾಬಾಯಿಯ ಆ ನಿರ್ಧಾರ ಇಲ್ಲದೆ ಆ ಕಥೆ ಶುರುವಾಗುವುದಿಲ್ಲ.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ತೊಂಬತ್ತರ ದಶಕದ ಒಂದು ಡಿಸೆಂಬರಿನಲ್ಲಿ ನಾನೂ ನನ್ನ ಹೆಂಡತಿಯೂ ರಮಣಬಾಗದ ಮೈದಾನದಲ್ಲಿ ಸವಾಯಿ ಗಂಧರ್ವ ಉತ್ಸವದ ಕೊನೆಯ ರಾತ್ರಿ ಕೂತಿದ್ದೆವು. ಆಗ ರಾತ್ರಿಯಿಡೀ ನಡೆಯುತ್ತಿತ್ತು. ಬೆಳಗಿನ ಚಳಿ, ಶಾಲಿನೊಳಗೆ ಇಬ್ಬರೂ, ಥರ್ಮಾಸಿನಲ್ಲಿ ಆರಿದ ಚಹಾ. ಭೀಮಸೇನರು ಕೊನೆಗೆ ಬಂದು ಕೂತರು. ತೋಡಿ ಹಾಡಿದರು. ಹಾಡುತ್ತ ಹಾಡುತ್ತ ಪೂರ್ವ ಕೆಂಪಾಯಿತು. ಇದನ್ನು ನಾನು ಇಪ್ಪತ್ತು ವರುಷ ಎಲ್ಲರಿಗೂ ಹೇಳಿದೆ, ಒಂದು ಸಂಚಿಕೆಯಲ್ಲಿ ಬರೆದೆ ಕೂಡ. ಹೆಂಡತಿ ತೀರಿಕೊಂಡ ಮೇಲೆ ಅವಳ ಖರ್ಚಿನ ಡೈರಿಗಳನ್ನು ತೆಗೆದು ನೋಡುತ್ತಿದ್ದೆ. ಹಾಲು, ಸೊಪ್ಪು, ಫೀಜು, ಎಲ್ಲದರ ಲೆಕ್ಕದ ನಡುವೆ ಆ ದಿನದ ಪುಟ ಸಿಕ್ಕಿತು. ನೀಲಿ ಶಾಯಿ, ಸಣ್ಣ ದುಂಡು ಅಕ್ಷರ. ರಿಕ್ಷಾ ಖರ್ಚಿನ ಕೆಳಗೆ ಬರೆದಿದ್ದಳು: "ಭೀಮಣ್ಣ ಲಲಿತ ಹಾಡಿದರು. ಮನೆ ಮುಟ್ಟಿದಾಗ ಏಳು. ಬಿಸಿಲಿತ್ತು."

ಲಲಿತ. ತೋಡಿ ಅಲ್ಲ. ತೋಡಿ ಕೇಳಿದ್ದು ಬಹುಶಃ ಬೇರೆ ವರುಷ. ಎರಡು ಬೆಳಗುಗಳನ್ನು ನನ್ನ ಮನಸ್ಸು ಒಂದು ಮಾಡಿತ್ತು. ಮಾಡಿದ್ದು ಮೋಸದಿಂದ ಅಲ್ಲ, ಪ್ರೀತಿಯಿಂದ. ಆದರೆ ಆ ಪ್ರೀತಿ ಅವಳ ಬೆಳಗನ್ನು ಅಳಿಸಿ ಹಾಕಿತ್ತು. ಅವಳು ಕೇಳಿದ ಲಲಿತ ಆ ಎರಡು ಸಾಲಿನಲ್ಲಿ ಮಾತ್ರ ಉಳಿದಿತ್ತು. ಅಂದಿನಿಂದ ನಾನು ಯಾರ ನೆನಪನ್ನೂ ಹಗುರವಾಗಿ ಕಾಣುವುದಿಲ್ಲ, ಯಾರ ನೆನಪನ್ನೂ ಒಂದೇ ಸಾಕ್ಷಿ ಎಂದು ಒಪ್ಪುವುದೂ ಇಲ್ಲ, ನನ್ನದನ್ನೂ ಸೇರಿಸಿ.

ನಾನಿರುವ ಯೆರವಡಾದ ಮಾತು ಇಲ್ಲಿ ಬರುತ್ತದೆ. ನಮ್ಮ ಮನೆಯಿಂದ ಸ್ವಲ್ಪ ನಡೆದರೆ ಸೆರೆಮನೆಯ ಗೋಡೆ. 1932ರಲ್ಲಿ ಗಾಂಧೀಜಿ ಇದರೊಳಗೆ ಉಪವಾಸ ಕೂತಿದ್ದರು. ಅಂಬೇಡ್ಕರರೊಡನೆ ಮಾತುಕತೆಯಾಗಿ ಸೆಪ್ಟೆಂಬರ್ 24ರಂದು ಪುಣೆ ಒಪ್ಪಂದಕ್ಕೆ ಸಹಿ ಬಿತ್ತು. 26ರಂದು ಉಪವಾಸ ಮುರಿಯುವ ಹೊತ್ತಿಗೆ ರವೀಂದ್ರನಾಥ ಠಾಕೂರರು ಇದೇ ಗೋಡೆಯೊಳಗೆ ಕೂತು ಗೀತಾಂಜಲಿಯ ಒಂದು ಹಾಡು ಹಾಡಿದರು. ಇಸವಿ, ತಾರೀಖು, ಹಾಡಿದವರು, ಕೇಳಿದವರು, ಎಲ್ಲ ಗೊತ್ತು. ಯಾಕೆ? ಮಹಾದೇವ ದೇಸಾಯಿಯವರು ದಿನಾ ಡೈರಿ ಬರೆದರು, ಪ್ಯಾರೇಲಾಲರು ಉಪವಾಸದ ಬಗ್ಗೆ ಪುಸ್ತಕವನ್ನೇ ಬರೆದರು. ಆ ವರುಷ ಸರದಾರ ಪಟೇಲರು ಜೈಲಿನಲ್ಲಿ ಸಂಸ್ಕೃತ ಕಲಿಯಲು ಕೂತದ್ದೂ ನಮಗೆ ತಿಳಿದಿರುವುದು ಬರೆದಿಟ್ಟಿದ್ದರಿಂದಲೇ. ನದಿಯ ಈಚೆ, ಕಬ್ಬಿಣದ ಬಾಗಿಲುಗಳ ಒಳಗೆ ನಡೆದದ್ದು ದಿನದಿನಕ್ಕೆ ದಾಖಲಾಗಿದೆ. ನದಿಯ ಆಚೆ, ಬಾಗಿಲು ತೆರೆದಿಟ್ಟು ಸಾವಿರ ಜನರ ಮುಂದೆ ನಡೆದ ಸಂಗೀತ ಯಾರೋ ಹೇಳಿದ ಮಾತಾಗಿ ಉಳಿದಿದೆ. ಬಂಡ್ ಗಾರ್ಡನ್ ಸೇತುವೆ ದಾಟುವಾಗಲೆಲ್ಲ ನನಗೆ ಇದು ಚುಚ್ಚುತ್ತದೆ.

ಸವಾಯಿ ಗಂಧರ್ವ ಉತ್ಸವವನ್ನೇ ತೆಗೆದುಕೊಳ್ಳಿ. ಸವಾಯಿ ಗಂಧರ್ವರು ಪಾರ್ಶ್ವವಾಯುವಾದ ಮೇಲೆ ಪುಣೆಯಲ್ಲಿ ಅಳಿಯ ಡಾ. ನಾನಾಸಾಹೇಬ ದೇಶಪಾಂಡೆಯವರ ಹತ್ತಿರ ಇದ್ದರು. 1952ರ ಸೆಪ್ಟೆಂಬರ್ 12ರಂದು ತೀರಿಕೊಂಡರು. ಮರುವರುಷ, 1953ರಲ್ಲಿ, ಆರ್ಯ ಸಂಗೀತ ಪ್ರಸಾರಕ ಮಂಡಳದ ಆಶ್ರಯದಲ್ಲಿ ಮೊದಲ ಪುಣ್ಯತಿಥಿಯ ಉತ್ಸವವಾಯಿತು. ಭೀಮಸೇನರು ಅದನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ್ದು ಜಗಜ್ಜಾಹೀರು. ಆದರೆ "ಭೀಮಸೇನರು ಒಬ್ಬರೇ ಕಟ್ಟಿದರು" ಎಂದು ನಾವು ಹೇಳುವಾಗ ಡಾಕ್ಟರರು ಎಲ್ಲಿ ಹೋದರು? ಮಾವನನ್ನು ಹಾಸಿಗೆಯಲ್ಲಿ ನೋಡಿಕೊಂಡು, ಅವರ ನಂತರ ಅವರ ಹೆಸರನ್ನೂ ನೋಡಿಕೊಂಡ ಮನುಷ್ಯ ಅವರು.

ಕುಮಾರ ಗಂಧರ್ವರದೂ ಇದೇ ಪಾಡು. ಬೆಳಗಾವಿಯ ಹತ್ತಿರದ ಸುಳೇಭಾವಿಯ ಶಿವಪುತ್ರ ಕೋಮಕಾಳಿಮಠ, ಕ್ಷಯವಾಗಿ ದೇವಾಸದ ಹಾಸಿಗೆ ಹಿಡಿದ, ಕಿಟಕಿಯಾಚೆಯ ಹಕ್ಕಿ ಮತ್ತು ಮಾಳವದ ಜಾನಪದ ಅವನನ್ನು ಎಬ್ಬಿಸಿತು ಎನ್ನುತ್ತೇವೆ. ಜಾನಪದ ಅವರ ಸಂಗೀತವನ್ನು ಬೆಳೆಸಿತು, ಸಂದೇಹವಿಲ್ಲ. ಪ್ರಾಣ ಉಳಿಸಿದ್ದು ಸ್ಟ್ರೆಪ್ಟೊಮೈಸಿನ್ ಮತ್ತು ಹೆಂಡತಿ ಭಾನುಮತಿಯವರ ಆರೈಕೆ. 1952ರ ಹೊತ್ತಿಗೆ ಆ ಔಷಧ ಸಿಕ್ಕಿತು, ಮರುವರುಷ ಮತ್ತೆ ಹಾಡಿದರು.

ದಂತಕಥೆಯಂತೆ ಕೇಳಿಸಿದ್ದೆಲ್ಲ ಸುಳ್ಳೆಂದು ತಳ್ಳಲೂ ಬೇಡಿ. ಮಲ್ಲಿಕಾರ್ಜುನ ಮನ್ಸೂರರು ತೀರಿಕೊಂಡದ್ದು 1992ರ ಸೆಪ್ಟೆಂಬರ್ 12ರಂದು. ಸವಾಯಿ ಗಂಧರ್ವರು ಹೋಗಿ ದಿನಕ್ಕೆ ದಿನ ನಲವತ್ತು ವರುಷ. ಧಾರವಾಡ ಸೀಮೆಯ ಇಬ್ಬರು ದೊಡ್ಡವರ ಪುಣ್ಯತಿಥಿ ಒಂದೇ ತಾರೀಖಿಗೆ ಬೀಳುವುದನ್ನು ಯಾರಾದರೂ ಬಾಯಿಮಾತಿನಲ್ಲಿ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ಪಂಚಾಂಗ ತೆಗೆದು ನೋಡಿದ ಮೇಲೆ ನಂಬಿದೆ. ನೋಡುವ ಕಷ್ಟ ತೆಗೆದುಕೊಳ್ಳಿ ಎಂಬುದಷ್ಟೇ ನನ್ನ ಬೇಡಿಕೆ.

ಹಾಗಾದರೆ ನಿಮ್ಮಿಂದ ನಾನು ಏನು ಕೇಳುತ್ತೇನೆ? ಮೈಕು ಹಿಡಿಯುವ ಮೊದಲು ಗಾಯಕರೇ ತಮ್ಮ ಬಗ್ಗೆ ಹೇಳಿಕೊಂಡದ್ದನ್ನು ಓದಿ. ಗಂಗೂಬಾಯಿಯವರ "ನನ್ನ ಬದುಕಿನ ಹಾಡು" ಇದೆ, ಮನ್ಸೂರರ "ನನ್ನ ರಸಯಾತ್ರೆ" ಇದೆ, ಎರಡೂ ನಮ್ಮ ಕನ್ನಡದಲ್ಲೇ ಇವೆ. ಒಂದು ವಾರಾಂತ್ಯ ಸಾಕು. ಕಥೆ ಹೇಳುವಾಗ "ಆಯಿತು", "ಆಯಿತಂತೆ" ಎಂಬ ಎರಡು ಮಾತುಗಳ ನಡುವಿನ ಗೆರೆಯನ್ನು ಕಾಯಿರಿ. ನಮ್ಮ ಭಾಷೆ ನಮಗೆ "ಅಂತೆ" ಎಂಬ ಪ್ರತ್ಯಯವನ್ನು ಕೊಟ್ಟಿದೆ, ಎಷ್ಟು ಭಾಷೆಗಳಿಗೆ ಆ ಭಾಗ್ಯವಿದೆ! ಅದನ್ನು ಬಳಸಲು ಸಂಕೋಚ ಬೇಡ. ಯಾವ ಗಾಯಕರ ಹೆಸರು ಹೇಳಿದರೂ ಅವರ ಮೊದಲ ಗುರುವಿನ ಹೆಸರು ಹೇಳದೆ ಮುಂದೆ ಹೋಗಬೇಡಿ. ವಿಡಿಯೋ ಮಾಡಿದ ಮೇಲೆ ತಪ್ಪು ಗೊತ್ತಾದರೆ ಸುಮ್ಮನೆ ಅಳಿಸಬೇಡಿ, ತಿದ್ದಿ ಇನ್ನೊಂದು ಮಾಡಿ. ಸಂಚಿಕೆಯಲ್ಲಿ ತೋಡಿ ಎಂದು ಬರೆದ ನಾನು ಮರುವರುಷ ಲಲಿತ ಎಂದು ತಿದ್ದುಪಡಿ ಕೊಟ್ಟೆ. ಅದನ್ನು ಓದಿದ ಒಬ್ಬರು ತಮ್ಮ ಹಳೆಯ ಟಿಕೆಟುಗಳ ಕಟ್ಟನ್ನೇ ನನಗೆ ತಂದುಕೊಟ್ಟರು.

ಎಲ್ಲಕ್ಕಿಂತ ಅವಸರದ ಕೆಲಸ ಮನೆಗಳಲ್ಲಿದೆ. ಪುಣೆಯ ಕನ್ನಡದ ಮನೆಗಳ ಅಟ್ಟದಲ್ಲಿ, ಟ್ರಂಕಿನಲ್ಲಿ, ದೇವರ ಕೋಣೆಯ ಕಪಾಟಿನಲ್ಲಿ ಉತ್ಸವದ ಹಳೆಯ ಕಾರ್ಯಕ್ರಮ ಪತ್ರಿಕೆಗಳಿವೆ, ಸ್ಪೂಲ್ ಟೇಪುಗಳಿವೆ, ಹಿಂದೆ ಏನೂ ಬರೆಯದ ಫೋಟೋಗಳಿವೆ. ಫೋಟೋದಲ್ಲಿರುವವರ ಹೆಸರು ಬಲ್ಲ ಅಜ್ಜಿ ಇನ್ನೂ ಇದ್ದಾಳೆ. ಇವತ್ತೇ ಕೂತು ಕೇಳಿ, ಪೆನ್ಸಿಲಿನಿಂದ ಹಿಂಬದಿಗೆ ಬರೆಯಿರಿ. ಪೆನ್ನಿನ ಶಾಯಿ ಮುಂದಕ್ಕೆ ಒಸರುತ್ತದೆ. ನಿಮ್ಮ ಫೋನಿನಲ್ಲಿ ಅವರ ಮಾತನ್ನು ಹಿಡಿದಿಡಿ. ಶುರುವಿನಲ್ಲಿ ತಾರೀಖು, ಊರು, ಮಾತಾಡುವವರ ಹೆಸರು ಹೇಳಿಸಿ. ನಡುವೆ ಬಾಯಿ ಹಾಕಬೇಡಿ. "ನೀವು ಕಣ್ಣಾರೆ ಕಂಡಿರೋ, ಯಾರಾದರೂ ಹೇಳಿದರೋ?" ಎಂದು ಒಂದು ಸಲ, ಗೌರವದಿಂದ, ಕೇಳಿ. ಹಿರಿಯರು ಸಿಟ್ಟಾಗುವುದಿಲ್ಲ. ನಮ್ಮ ಮಾವನನ್ನು ಯಾರೂ ಹೀಗೆ ಕೇಳಲಿಲ್ಲ, ಆ ನೋವು ನನಗೆ ಇದೆ. ಅವರ ಬಳಿ ಇದ್ದದ್ದರಲ್ಲಿ ಯಾವುದು ನೋಡಿದ್ದು, ಯಾವುದು ಕೇಳಿದ್ದು ಎಂದು ಬೇರೆ ಮಾಡಲು ಈಗ ದಾರಿಯಿಲ್ಲ.

ಹೆಂಡತಿಯ ಡೈರಿಗಳು, ಆ ಟಿಕೆಟಿನ ಕಟ್ಟು, ಮಾವ ಬಿಟ್ಟುಹೋದ ಹನ್ನೊಂದು ಪ್ಲೇಟುಗಳು ನನ್ನ ಹತ್ತಿರ ಇವೆ. ಯಾರು ಬೇಕಾದರೂ ಬಂದು ಚಿತ್ರ ತೆಗೆದುಕೊಳ್ಳಬಹುದು, ಚಹಾ ನನ್ನದು. ಸಭಾಂಗಣದಲ್ಲಿ ನನ್ನ ಪಕ್ಕ ಕೂತಿದ್ದ ಆ ಹಿರಿಯರು ಊರಿಗೆ ಮರಳಿದ್ದಾರೆ. ಬರುವ ತಿಂಗಳು ನಾನು ಗದಗಿಗೆ ಹೋಗುವವನಿದ್ದೇನೆ. ಕುರ್ತಕೋಟಿಗೆ ಕರೆದೊಯ್ದು, ಚೆನ್ನಪ್ಪನ ಬಗ್ಗೆ ತಮ್ಮ ಹಿರಿಯರಿಂದ ಕೇಳಿದ್ದನ್ನೆಲ್ಲ ಹೇಳುತ್ತೇನೆ ಎಂದು ಫೋನಿನಲ್ಲಿ ಮಾತು ಕೊಟ್ಟಿದ್ದಾರೆ. ನನಗೆ ಕಿವಿ ಮೊದಲಿನಷ್ಟು ಚುರುಕಿಲ್ಲ. ನಿಮ್ಮಲ್ಲಿ ಒಬ್ಬರು ಜತೆಗೆ ಬನ್ನಿ, ಒಂದು ನೋಟುಬುಕ್ಕು ತನ್ನಿ.

ಇತಿ ನಿಮ್ಮ ವಿಶ್ವಾಸಿ,
ಯೆರವಡಾದ ಒಬ್ಬ ಹಳೆಯ ಕೇಳುಗ